ಹಳೇ ಯುದ್ಧವಿಮಾನದ ಆಲ್ಟಿಮೀಟರ್ ಮುಳ್ಳು ಅಂಟಿಕೊಳ್ತದಾ? ಬಿಚ್ಚುವ ಮೊದ್ಲು ಇಷ್ಟು ನೋಡಿ

ಲಕ್ಷಣ ಮೊದ್ಲು ಹೇಳ್ತೇನೆ, ನಿಮ್ಮದೂ ಇದೇ ಆದ್ರೆ ಮುಂದೆ ಓದಿ. ಆಲ್ಟಿಮೀಟರ್, ಅಂದ್ರೆ ವಿಮಾನ ಎಷ್ಟು ಎತ್ತರದಲ್ಲಿ ಉಂಟು ಅಂತ ತೋರಿಸುವ ಮೀಟರ್, ಮೇಜಿನ ಮೇಲೆ ಉಂಟು, ಉದ್ದದ ಮುಳ್ಳು ಬೆಳಿಗ್ಗೆಯಿಂದ ಒಂದೇ ಕಡೆ, ಗ್ಲಾಸಿಗೆ ಬೆರಳಲ್ಲಿ ಟಕ್ ಅಂತ ತಟ್ಟಿದ್ರೆ 60–70 ಅಡಿ ಹಾರಿ ಬೇರೆ ಕಡೆ ಹೋಗಿ ಕೂರ್ತದೆ, ಒಂದು ದಿನ ಸರಿ ಇನ್ನೊಂದು ದಿನ ಇಲ್ಲ, ಮತ್ತೆ ಎಷ್ಟು ಸಲ ಸೊನ್ನೆಗೆ ಸೆಟ್ ಮಾಡಿದ್ರೂ ಸಂಜೆಗೆ ನೋಡುವಾಗ ನೂರು ಅಡಿ ಮೇಲೆ ಹೋಗಿರ್ತದೆ. ಇದನ್ನೆಲ್ಲ ನೋಡಿ "ಒಳಗಿನ ಕ್ಯಾಪ್ಸೂಲ್ ಸತ್ತಿದೆ, ಎಸೀರಿ" ಅಂತ ಹೇಳುವವ್ರು ಸುಮಾರು ಜನ ಸಿಗ್ತಾರೆ. ಎಸೀಬೇಡಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಸಲ ಕ್ಯಾಪ್ಸೂಲಿಗೆ ಎಂತದ್ದೂ ಆಗಿರುದಿಲ್ಲ, ಅರ್ಧ ದೋಷ ನಮ್ಮ ಊರಿನ ಹವೆಯದ್ದು, ಇನ್ನರ್ಧ ಮುಂಚೆ ಯಾರೋ ಕೈ ಹಾಕಿದ್ದರದ್ದು.

ನನ್ನ ಹತ್ರ ಇರುದು ಬ್ರಿಟಿಷರ ಮಾರ್ಕ್ 14, ಮೂರು ಮುಳ್ಳಿಂದು, ಎರಡನೇ ಮಹಾಯುದ್ಧದ ಕಾಲದ್ದು. ಹಿಂದೆ ಕಿರೀಟದ ಗುರುತು, ಅದರ ಕೆಳಗೆ ಎಎಂ ಅಂದ್ರೆ ಏರ್ ಮಿನಿಸ್ಟ್ರಿ, ಮತ್ತೆ 6ಎ ಅಂತ ಸುರುವಾಗುವ ಸ್ಟೋರ್ ನಂಬ್ರ, 6ಎ ಅಂದ್ರೆ ವಿಮಾನದ ಮೀಟರುಗಳ ವಿಭಾಗ. ಬೆಂಗಳೂರಿನ ಗುಜರಿಯಲ್ಲಿ ತಗೊಂಡದ್ದು. ಯಾವ ವಿಮಾನದಲ್ಲಿ ಇತ್ತು ಅಂತ ಗೊತ್ತಾಗುವ ಹಾಗಿಲ್ಲ, ಸ್ಪಿಟ್‌ಫೈರಿಗೂ ಲ್ಯಾಂಕಾಸ್ಟರಿಗೂ ಇದೇ ಮೀಟರ್ ಹಾಕ್ತಿದ್ರು. ಕಾಸರಗೋಡಿನ ಬದಿಯಡ್ಕದಲ್ಲಿ ಅಡಿಕೆ ತೋಟ ಇರುವವನಿಗೆ ಇಡೀ ವಿಮಾನ ಇಡ್ಲಿಕ್ಕೆ ಜಾಗವೂ ಇಲ್ಲ ದುಡ್ಡೂ ಇಲ್ಲ, ಅದಕ್ಕೆ ಒಂದೊಂದೇ ಮೀಟರ್ ಸೇರಿಸುದು, ಸರಿ ಮಾಡುದು, ಕೊಟ್ಟಿಗೆಯ ಪಕ್ಕದ ರೂಮಲ್ಲಿ ಸಾಲಾಗಿ ಇಡುದು. ಅಡಿಕೆ ಸುಲಿಯುವ ಸೀಸನ್‌ನಲ್ಲಿ ಇದನ್ನೆಲ್ಲ ಮಂಚದಡಿಗೆ ಹಾಕ್ಬೇಕಾಗ್ತದೆ, ಅದು ಬೇರೆ ಕಥೆ.

ಸ್ಕ್ರೂಡ್ರೈವರ್ ಮುಟ್ಟುವ ಮೊದ್ಲು ಒಂದೇ ಒಂದು ಗಂಭೀರ ಮಾತು. ಆ ಕಾಲದ ತುಂಬಾ ಡಯಲುಗಳಲ್ಲಿ ಅಂಕೆ, ಮುಳ್ಳಿಗೆ ವಿಕಿರಣ ಸೂಸುವ ರೇಡಿಯಂ ಪೈಂಟ್ ಹಾಕಿರ್ತಾರೆ, ರಾತ್ರಿ ಹೊಳೀಲಿಕ್ಕೆ. ಈಗ ಹೊಳೀದಿದ್ರೆ ಅಪಾಯ ಇಲ್ಲ ಅಂತ ಅಲ್ಲ ಮಾರಾಯ್ರೆ, ಹೊಳಪು ಕೊಡುವ ಜಿಂಕ್ ಸಲ್ಫೈಡ್ ಮಾತ್ರ ಸುಸ್ತಾಗಿರುದು, ರೇಡಿಯಂ ಅರ್ಧ ಆಗ್ಲಿಕ್ಕೇ 1600 ವರ್ಷ ಬೇಕು. ಗ್ಲಾಸ್ ಮುಚ್ಚಿ ಇಟ್ಟಿರುವಷ್ಟು ದಿನ ಒಂದು ಲೆಕ್ಕ, ಬಿಚ್ಚಿ ಆ ಪೈಂಟ್ ಹುಡಿ ಉಸಿರಿಗೆ ಹೋದ್ರೆ ಇನ್ನೊಂದು ಲೆಕ್ಕ. ಹಳದಿ, ಕಂದು ಬಣ್ಣಕ್ಕೆ ತಿರುಗಿದ ದಪ್ಪ ಪೈಂಟ್ ಕಂಡ್ರೆ ವಿಕಿರಣ ಅಳೆಯುವ ಗೈಗರ್ ಕೌಂಟರ್ ಇರುವವ್ರ ಹತ್ರ ತೋರಿಸಿ. ನಾನು ಫಿಸಿಕ್ಸ್ ಕಲಿಸುವ ಒಬ್ಬ ಫ್ರೆಂಡ್ ಹತ್ರ ಆ ಕೌಂಟರ್ ಹಿಡಿಸಿ, ನನ್ನ ಡಯಲಿಗೆ ಯಾವಾಗ್ಲೋ ಬರೀ ಬಿಳಿ ಪೈಂಟ್ ಹೊಡ್ದಿದ್ದಾರೆ ಅಂತ ಖಾತ್ರಿ ಆದ ಮೇಲೇ ಬಿಚ್ಚಿದ್ದು. ರೇಡಿಯಂ ಇದ್ರೆ ಈ ಬರಹದ ಬಿಚ್ಚುವ ಭಾಗ ನಿಮಗಲ್ಲ, ಹೊರಗಿನ ಟೆಸ್ಟ್ ಮಾತ್ರ ಮಾಡಿ. ಇನ್ನೊಂದು, ಮನೇಲಿ ರಿಪೇರಿ ಮಾಡಿದ ಮೀಟರ್ ಶೋಕೇಸಿಗೆ ಮಾತ್ರ, ಹಾರುವ ವಿಮಾನಕ್ಕೆ ಯಾವತ್ತೂ ಇಲ್ಲ.

ಒಳಗೆ ಎಂತ ಉಂಟು ಅಂತ ಗೊತ್ತಿದ್ರೆ ಮುಂದಿನದ್ದು ಸುಲಭ. ಗಾಳಿ ತೆಗ್ದು ಸೀಲ್ ಮಾಡಿದ ತೆಳು ಲೋಹದ ಡಬ್ಬಿ, ಅದೇ ಕ್ಯಾಪ್ಸೂಲ್, ನೀರುದೋಸೆ ಮಡಚಿ ಒಂದರ ಮೇಲೊಂದು ಇಟ್ಟ ಹಾಗೆ ಸುಕ್ಕುಸುಕ್ಕು. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಮ್ಮಿ ಆಗ್ತದೆ, ಕ್ಯಾಪ್ಸೂಲ್ ಕೂದಲೆಳೆಯಷ್ಟು ಉಬ್ತದೆ, ಆ ಉಬ್ಬನ್ನ ಒಂದು ಸೆಕ್ಟರ್ ಗೇರ್ (ಬೀಸಣಿಗೆ ಆಕಾರದ ಹಲ್ಲಿನ ಚಕ್ರ) ಮತ್ತೆ ಸಣ್ಣ ಹಲ್ಲಿನ ಚಕ್ರಗಳಾದ ಪಿನಿಯನ್‌ಗಳು ದೊಡ್ಡದು ಮಾಡಿ ಮುಳ್ಳಿಗೆ ಕೊಡ್ತವೆ. ಉದ್ದದ ಮುಳ್ಳು ಒಂದು ಸುತ್ತು ಬಂದ್ರೆ 1000 ಅಡಿ, ಮಧ್ಯದ್ದು 10,000, ಚಿಕ್ಕದ್ದು ಲಕ್ಷದ ಲೆಕ್ಕ. ಗೇರುಗಳ ಸಡಿಲ ಹಿಡೀಲಿಕ್ಕೆ ವಾಚಿನದ್ದರ ಹಾಗೆ ಒಂದು ಹೇರ್‌ಸ್ಪ್ರಿಂಗ್. ಕೆಳಗಿನ ನಾಬ್ ತಿರುಗಿಸಿದ್ರೆ ಸಣ್ಣ ಕಿಟಕಿಯಲ್ಲಿ ಮಿಲಿಬಾರ್ ಅಂಕೆ, ಅಂದ್ರೆ ಗಾಳಿಯ ಒತ್ತಡದ ಅಳತೆ, ಓಡ್ತದೆ, ಸಮುದ್ರಮಟ್ಟದ ಹತ್ರ 1 ಮಿಲಿಬಾರ್ ಅಂದ್ರೆ ಸುಮಾರು 27–28 ಅಡಿ. ಅಷ್ಟು ಸೂಕ್ಷ್ಮ. ಗೋಧಿಕಾಳಿನಷ್ಟು ಗಲೀಜು ಬೇಡ, ಅದರ ಸಾವಿರದಲ್ಲೊಂದು ಪಾಲು ಸಾಕು ಮುಳ್ಳು ನಿಲ್ಲಿಸ್ಲಿಕ್ಕೆ.

ದೋಷ ಅಲ್ಲದ ದೋಷಗಳು

ಮೊದಲನೇದು ಈ ತಟ್ಟಿದ್ರೆ ಹಾರುದು. ಈ ಮೀಟರ್ ಇದ್ದದ್ದು ಪಿಸ್ಟನ್ ಎಂಜಿನ್ ವಿಮಾನದಲ್ಲಿ. ಸ್ಪಿಟ್‌ಫೈರಿನ ಮರ್ಲಿನ್ ಎಂಜಿನ್ ಅಂದ್ರೆ 12 ಸಿಲಿಂಡರ್, 27 ಲೀಟರ್, ಪ್ಯಾನಲ್ ಪೂರ್ತಿ ಗಡಗಡ ಅಂತಿರ್ತದೆ, ಆ ನಡುಕದಲ್ಲೇ ಮುಳ್ಳು ಎಲ್ಲೂ ಸಿಕ್ಕಿಕೊಳ್ಳದೆ ಓಡುದು. ಜೆಟ್ ಬಂದ ಮೇಲೆ ನಡುಕ ಹೋಯ್ತು, ಮುಳ್ಳು ಅಂಟಿಕೊಳ್ಳಿಕ್ಕೆ ಸುರುವಾಯ್ತು, ಆಮೇಲೆ ಮೀಟರಿಗೇ ಸಣ್ಣ ವೈಬ್ರೇಟರ್ ಇಡ್ಬೇಕಾಗಿ ಬಂತು. ನಿಮ್ಮ ಮೇಜು ನಡುಗುದಿಲ್ಲ. ಹಾಗಾಗಿ ತಟ್ಟಿ ಓದುದೇ ಸರಿಯಾದ ಕ್ರಮ, ತಟ್ಟದೆ ಓದಿದ್ದನ್ನ ಲೆಕ್ಕಕ್ಕೇ ತಗೊಳ್ಬೇಡಿ. ಅಮೆರಿಕದ ಟೆಸ್ಟ್ ನಿಯಮದಲ್ಲಿ ಸಹ 5000 ಅಡಿವರೆಗೆ ತಟ್ಟುವ ಮೊದ್ಲು ಮತ್ತೆ ತಟ್ಟಿದ ಮೇಲೆ 70 ಅಡಿ ವ್ಯತ್ಯಾಸ ಇದ್ರೂ ಪಾಸ್. ನಾನು ಮೇಜಿನ ಮೇಲೆ ಹಳೇ ಮೊಬೈಲ್ ಒಂದನ್ನ ವೈಬ್ರೇಟ್‌ನಲ್ಲಿ ಇಟ್ಟು ಅದರ ಪಕ್ಕ ಮೀಟರ್ ಇಟ್ಟು ನೋಡುದು, ಬೆರಳಿಗಿಂತ ಒಳ್ಳೇದಾಗ್ತದೆ.

ಎರಡನೇದು ನನ್ನನ್ನ ಮೂರು ದಿನ ಕಾಡಿಸಿದ್ದು. ಬೆಳಿಗ್ಗೆ ಚಾ, ಅವಲಕ್ಕಿ ಆಗಿ ಹತ್ತು ಗಂಟೆಗೆ ಸೊನ್ನೆಗೆ ಸೆಟ್ ಮಾಡುದು, ತೋಟಕ್ಕೆ ಹೋಗಿ ಸಂಜೆ ನಾಲ್ಕಕ್ಕೆ ಬಂದು ನೋಡಿದ್ರೆ 90, ನೂರು ಅಡಿ ಮೇಲೆ. ಕೇಸ್ ಲೀಕ್ ಅಂತ ನಿಶ್ಚಯ ಮಾಡಿದೆ, ಗ್ಲಾಸಿನ ಸುತ್ತ ವ್ಯಾಸಲೀನ್ ಹಚ್ಚಿದೆ, ನಾಬಿನ ಬುಡಕ್ಕೆ ಹಚ್ಚಿದೆ, ಮರುದಿನ ಪುನಃ ಅದೇ. ರಾತ್ರಿ ಹತ್ತಕ್ಕೆ ನೋಡಿದ್ರೆ ತನ್ನಷ್ಟಕ್ಕೆ ವಾಪಸ್ ಸೊನ್ನೆ ಹತ್ರ. ಆಗ ಬುದ್ಧಿ ಬಂತು. ನಮ್ಮ ಕಡೆ ಗಾಳಿಗೂ ಉಬ್ಬರ ಇಳಿತ ಉಂಟು, ಬೆಳಿಗ್ಗೆ ಹತ್ತು ರಾತ್ರಿ ಹತ್ತರ ಹೊತ್ತಿಗೆ ಒತ್ತಡ ಹೆಚ್ಚು, ನಾಲ್ಕು ನಾಲ್ಕಕ್ಕೆ ಕಮ್ಮಿ, ನಡುವೆ 3–4 ಮಿಲಿಬಾರ್ ವ್ಯತ್ಯಾಸ, ಅಂದ್ರೆ ಅದೇ ನೂರು ಅಡಿ. ಬ್ರಿಟನ್‌ನಲ್ಲಿ ಮಳೆ ಬಿಸಿಲಿನ ಏರಿಳಿತದ ನಡುವೆ ಇದು ಗೊತ್ತೇ ಆಗುದಿಲ್ಲ, ಇಲ್ಲಿ ಗಡಿಯಾರದ ಹಾಗೆ ದಿನಾ ಎರಡು ಸಲ ಬರ್ತದೆ. ಮೀಟರ್ ಹಾಳಾಗಿದೆ ಅಂತ ನಾನು ಬೈತಾ ಇದ್ದೆ, ಅದು ಪಾಪ 75 ವರ್ಷ ಕಳೆದ ಮೇಲೂ ತನ್ನ ಕೆಲಸ ಸರಿಯಾಗಿ ಮಾಡ್ತಾ ಇತ್ತು.

ಅಷ್ಟಕ್ಕೂ ಬರೀ ಲೀಕ್ ಇದ್ರೆ ಮೇಜಿನ ಮೇಲೆ ಗೊತ್ತೇ ಆಗುದಿಲ್ಲ ಅನ್ನುವ ವಿಷಯ ಆವಾಗ ನನ್ನ ತಲೆಗೆ ಹೋಗ್ಲಿಲ್ಲ. ಒಳಗೂ ಅದೇ ಗಾಳಿ, ಹೊರಗೂ ಅದೇ ಗಾಳಿ, ಲೀಕ್ ಆದ್ರೆಂತ ಆಗದಿದ್ರೆಂತ.

ಹಾಗಾಗಿ ಸುರುವಿಗೆ ಒಂದು ನಂಬುವ ಒತ್ತಡ ಬೇಕು. ಮಂಗಳೂರು ಮತ್ತೆ ಕಣ್ಣೂರು ಏರ್‌ಪೋರ್ಟಿನ ಹವಾಮಾನದ ಸಾಲು, ಮೆಟಾರ್ ಅಂತಾರೆ, ಇಂಟರ್‌ನೆಟ್ಟಲ್ಲಿ ಫ್ರೀ ಸಿಗ್ತದೆ, ಅದರಲ್ಲಿ ಕ್ಯೂ ಅಕ್ಷರದ ಮುಂದೆ ನಾಲ್ಕು ಅಂಕೆ ಇರ್ತದಲ್ಲ ಅದೇ ಸಮುದ್ರಮಟ್ಟದ ಲೆಕ್ಕದ ಒತ್ತಡ. ಕಾಸರಗೋಡು ಎರಡರ ಮಧ್ಯ ಇರುದರಿಂದ ನಮಗೆ ಎರಡೂ ಆಗ್ತದೆ. ಆ ಅಂಕೆಯನ್ನ ಕಿಟಕಿಯಲ್ಲಿ ಸೆಟ್ ಮಾಡಿ ತಟ್ಟಿದ್ರೆ ಮುಳ್ಳು ನೀವು ನಿಂತ ಜಾಗದ ಎತ್ತರ ತೋರಿಸ್ಬೇಕು. ಜಾಗದ ಎತ್ತರ ಎಲ್ಲಿ ಸಿಗ್ತದೆ ಅಂದ್ರೆ ರೈಲ್ವೆ ಸ್ಟೇಷನ್ ಹಳದಿ ಬೋರ್ಡಿನ ಕೆಳಗೆ, ಸಮುದ್ರಮಟ್ಟದಿಂದ ಇಷ್ಟು ಮೀಟರ್ ಅಂತ ಬರ್ದಿರ್ತದೆ, ಯಾರೂ ನೋಡುದಿಲ್ಲ. ಪ್ಲಾಟ್‌ಫಾರ್ಮಲ್ಲಿ ಬೋರ್ಡಿನ ಕೆಳಗೆ ಕಪ್ಪು ಡಬ್ಬಿ ಇಟ್ಟು ತಟ್ಟುತ್ತಾ ಕೂರ್ಬೇಡಿ ಆಯ್ತಾ, ಪೊಲೀಸರಿಗೆ ವಿವರಿಸುವಷ್ಟರಲ್ಲಿ ನನ್ನ ರೈಲು ಹೋಗಿತ್ತು.

ಇಷ್ಟಾದ ಮೇಲೂ ತಪ್ಪಿದ್ರೆ ಆವಾಗ ನಿಜವಾದ ದೋಷ. ಮುಳ್ಳು ಸಿಕ್ಕಾಪಟ್ಟೆ ಎತ್ತರ, ಹತ್ತಾರು ಸಾವಿರ ಅಡಿ ತೋರಿಸಿ ಅಲ್ಲೇ ನಿಂತು ಒತ್ತಡಕ್ಕೆ ಅಲ್ಲಾಡುದೇ ಇಲ್ಲ ಅಂದ್ರೆ ಕ್ಯಾಪ್ಸೂಲ್ ತೂತಾಗಿ ಒಳಗೆ ಗಾಳಿ ಹೋಗಿ ಪೂರ್ತಿ ಉಬ್ಬಿದೆ, ಅದಕ್ಕೆ ಮನೆಮದ್ದು ಇಲ್ಲ. ಅಲ್ಲಾಡಿಸಿದ್ರೆ ಮುಳ್ಳು ಆಚೆ ಈಚೆ ಸಡಿಲವಾಗಿ ತೂಗಿದ್ರೆ ಹೇರ್‌ಸ್ಪ್ರಿಂಗ್ ಸಿಕ್ಕುಬಿದ್ದಿದೆ ಅಥವಾ ಬಿಟ್ಟುಹೋಗಿದೆ. ಎಲ್ಲಾ ಕಡೆ ಒಂದೇ ಅಳತೆಯಲ್ಲಿ ತಪ್ಪು, ಉದಾಹರಣೆಗೆ ಯಾವಾಗ್ಲೂ 200 ಹೆಚ್ಚು, ಅಂದ್ರೆ ಕಿಟಕಿಯ ಅಂಕೆಗೂ ಮುಳ್ಳಿಗೂ ಹೊಂದಾಣಿಕೆ ತಪ್ಪಿದೆ, ಅದು ದೋಷಗಳಲ್ಲೇ ಸಾಧು. ಏರುವಾಗ ಒಂದು ಕಡೆ, ಇಳಿಯುವಾಗ ಇನ್ನೊಂದು ಕಡೆ ನಿಲ್ತಾ ಉಂಟು, ತಟ್ಟಿದ್ರೂ ಪೂರ್ತಿ ಬಿಡುದಿಲ್ಲ ಅಂದ್ರೆ ಪಿವೋಟಲ್ಲಿ, ಗೇರು ಕೂತು ತಿರುಗುವ ಸಣ್ಣ ಅಚ್ಚಿನ ತುದಿಯಲ್ಲಿ, ಜಿಡ್ಡು. ಕರಾವಳಿಯಲ್ಲಿ ನಾನು ಹೆಚ್ಚು ನೋಡಿದ್ದು ಇದನ್ನೇ.

ಗಾರೆಯವರ ಪೈಪಿನ ಟೆಸ್ಟ್

ಪ್ರೆಶರ್ ಚೇಂಬರ್ ಎಲ್ಲ ಬೇಡ. ಮೇಸ್ತ್ರಿಗಳು ಮಟ್ಟ ನೋಡ್ಲಿಕ್ಕೆ ನೀರು ತುಂಬಿಸುವ ಪಾರದರ್ಶಕ ಪೈಪ್ ಉಂಟಲ್ಲ, ಅದರ 3 ಮೀಟರ್ ತಗೊಳ್ಳಿ, ಗೋಡೆಗೆ ಯು ಆಕಾರದಲ್ಲಿ ಕಟ್ಟಿ, ಅರ್ಧ ನೀರು ಹಾಕಿ, ಕಾಣ್ಲಿಕ್ಕೆ ಒಂದು ಚಿಟಿಕೆ ಕುಂಕುಮ. ಒಂದು ತುದಿ ಗಾಳಿಗೆ ಬಿಡಿ, ಇನ್ನೊಂದು ತುದಿಗೆ ಟಿ ಜಾಯಿಂಟ್ ಹಾಕಿ ಮೀಟರಿನ ಹಿಂದಿನ ನಳಿಗೆಗೆ ಒಂದು ಕವಲು, 60 ಎಂಎಲ್ ಸಿರಿಂಜಿಗೆ ಒಂದು ಕವಲು. ನೀರಿಗೂ ಮೀಟರಿಗೂ ನಡುವೆ ಸಣ್ಣ ಖಾಲಿ ಔಷಧಿ ಬಾಟ್ಲಿ ಒಂದು ಇಡಿ, ಯಾಕಂದ್ರೆ ಕೈ ತಪ್ಪಿ ಜೋರು ಎಳೆದ್ರೆ ಕುಂಕುಮದ ನೀರು ಸೀದಾ 1940ರ ದಶಕದ ಗೇರುಗಳ ಮೇಲೆ ಅಭಿಷೇಕ ಆಗ್ತದೆ. ಬಾಯಲ್ಲಿ ಎಳೆಯುದು, ಊದುದು ಬೇಡವೇ ಬೇಡ, ಉಗುಳಿನ ತೇವ ಒಂದು, ಮತ್ತೆ ಊದಿದ್ರೆ ಏರ್‌ಸ್ಪೀಡ್ ಮೀಟರಿನ ಕ್ಯಾಪ್ಸೂಲ್ ಆದ್ರೆ ಒಂದೇ ಉಸಿರಿಗೆ ಹರ್ಕೊಂಡು ಹೋಗ್ತದೆ, 100 ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್) ವೇಗ ತೋರಿಸ್ಲಿಕ್ಕೆ ಬೇಕಾದ್ದು ಬರೀ ಹದಿನಾರೂವರೆ ಸೆಂಟಿಮೀಟರ್ ನೀರಿನ ಒತ್ತಡ.

ನಾಬ್ ತಿರುಗಿಸಿ ಮುಳ್ಳು ಸೊನ್ನೆಗೆ ತನ್ನಿ. ಸಿರಿಂಜ್ ಮೆಲ್ಲ ಎಳೀರಿ. ಎರಡೂ ಕಡೆಯ ನೀರಿನ ಮಟ್ಟದ ವ್ಯತ್ಯಾಸ 36.8 ಸೆಂಟಿಮೀಟರ್ ಆದಾಗ 1000 ಅಡಿ, 72.5 ಆದಾಗ 2000, 107.2 ಆದಾಗ 3000. ನಾಲ್ಕೈದು ಅಡಿಯ ಹೆಚ್ಚುಕಮ್ಮಿ ತಲೆಗೆ ಹಾಕ್ಬೇಡಿ. ಪ್ರತಿ ಮಟ್ಟದಲ್ಲಿ ತಟ್ಟುವ ಮೊದ್ಲು ಒಂದು, ತಟ್ಟಿದ ಮೇಲೆ ಒಂದು ಬರ್ಕೊಳ್ಳಿ, ಹಾಗೇ ಮೆಲ್ಲ ಬಿಡ್ತಾ ಇಳಿಯುವಾಗಲೂ ಬರ್ಕೊಳ್ಳಿ. 3000ದಲ್ಲಿ ಪೈಪ್ ಮಡಚಿ ಕ್ಲಿಪ್ ಹಾಕಿ ಒಂದು ನಿಮಿಷ ಕಾಯಿರಿ, ನೂರು ಅಡಿಗಿಂತ ಹೆಚ್ಚು ಇಳಿದ್ರೆ ಲೀಕ್ ಉಂಟು, ಆದ್ರೆ ಮೀಟರ್ ತೆಗ್ದು ಪೈಪಿನ ಬಾಯಿ ಮುಚ್ಚಿ ಪೈಪನ್ನೇ ಒಮ್ಮೆ ಟೆಸ್ಟ್ ಮಾಡಿ, ನನ್ನದ್ರಲ್ಲಿ ಲೀಕ್ ಇದ್ದದ್ದು ಟಿ ಜಾಯಿಂಟಲ್ಲಿ. ಸೋಪಿನ ನೀರು ಹಚ್ಚಿ ನೋಡ್ಬೇಡಿ, ಒಳಗೆ ಎಳ್ಕೊಳ್ತದೆ.

ನನ್ನ ಮಾರ್ಕ್ 14 ಈ ಟೆಸ್ಟಲ್ಲಿ ಚೆನ್ನಾಗೇ ಪಾಸಾಯ್ತು. ಏಪ್ರಿಲ್ ತಿಂಗಳು, ಮಧ್ಯಾಹ್ನ, ಸೆಕೆ. ತಟ್ಟುವ ಮೊದ್ಲು ತಟ್ಟಿದ ಮೇಲೆ 30 ಅಡಿ ವ್ಯತ್ಯಾಸ ಅಷ್ಟೆ. ಖುಷಿಯಲ್ಲಿ ಮುಚ್ಚಿ ಇಟ್ಟೆ.

ಮನೇಲಿ ಸರಿ, ಮಡಿಕೇರಿಯಲ್ಲಿ ಸ್ಟಕ್

ಡಿಸೆಂಬರಲ್ಲಿ ಮಡಿಕೇರಿಗೆ ಹೋಗುದಿತ್ತು, ಇದನ್ನ ನಿಜವಾಗಿ ಒಮ್ಮೆ ಏರಿಸಿಯೇ ನೋಡುವಾ ಅಂತ ಬ್ಯಾಗಲ್ಲಿ ಹಾಕ್ಕೊಂಡೆ. ಮುಳ್ಳೇರಿಯ, ಜಾಲ್ಸೂರು, ಸುಳ್ಯದವರೆಗೆ ಬಸ್ಸಿನ ಕುಲುಕಾಟದಲ್ಲಿ ಮುಳ್ಳು ಬೆಣ್ಣೆ ಹಾಗೆ ಓಡ್ತಿತ್ತು, ರಸ್ತೆಯ ಹೊಂಡಗಳೇ ಮರ್ಲಿನ್ ಎಂಜಿನ್ ಅಂತ ಇಟ್ಕೊಳ್ಳಿ. ಸಂಪಾಜೆ ಘಾಟಿ ಸುರುವಾಯ್ತು, ಚಳಿ ಗಾಳಿ ಬಂತು, 2000 ದಾಟಿದ ಮೇಲೆ ಮುಳ್ಳು ನಿಂತು ನಿಂತು ಹೋಗ್ಲಿಕ್ಕೆ ಹಿಡೀತು. ಮಡಿಕೇರಿ ಇರುದು ಸುಮಾರು 3800 ಅಡಿಯಲ್ಲಿ. ಬಸ್ಸಿಳಿದು ನೋಡಿದ್ರೆ 2900. ತಟ್ಟಿದೆ, 3050. ಮತ್ತೆ ತಟ್ಟಿದೆ, ಅಲ್ಲೇ. ಸ್ವಲ್ಪ ಕಮ್ಮಿ ತೋರಿಸುದು ಸಹಜವೇ, ಯಾಕಂದ್ರೆ ಆಲ್ಟಿಮೀಟರ್ ಲೆಕ್ಕ ಹಾಕುದು ಸಮುದ್ರಮಟ್ಟದಲ್ಲಿ 15 ಡಿಗ್ರಿ ಅಂತ, ನಮ್ಮ ಗಾಳಿ ಅದಕ್ಕಿಂತ ಬಿಸಿ, ಹತ್ತು ಡಿಗ್ರಿ ಹೆಚ್ಚಿದ್ರೆ ನೂರಕ್ಕೆ ನಾಲ್ಕರಷ್ಟು ಕಮ್ಮಿ ತೋರಿಸ್ತದೆ. ಹಾಗೆ 150 ಅಡಿ ಕಮ್ಮಿ ಆದ್ರೆ ಒಪ್ತೇನೆ. 750 ಅಲ್ಲ.

ನಾನು ನಿಂತದ್ದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವೃತ್ತದ ಹತ್ರ. ಬೇಕಂತಲೇ ಅಲ್ಲಿಗೆ ಹೋದದ್ದು. 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ಕ್ಕೆ, ಪಾಕಿಸ್ತಾನದ ಸರಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದ ನಮ್ಮ ವಾಯುಸೇನೆಯ ಜೆಟ್ ವಿಮಾನ ಮಿಸ್ಟೇರ್‌ಗಳಲ್ಲಿ ಅವರದ್ದೂ ಒಂದು. ಅಡ್ಡ ಬಂದದ್ದು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ್ದು, ಮಿಸ್ಟೇರ್‌ಗೆ ಅದರ ಹತ್ರ ಸುಳೀಲಿಕ್ಕೂ ಆಗ್ಬಾರದು ಲೆಕ್ಕದ ಪ್ರಕಾರ, ಆದ್ರೂ ಅದನ್ನ ಬೀಳಿಸಿದ್ರು, ತಾವು ವಾಪಸ್ ಬರ್ಲಿಲ್ಲ. ನಡೆದದ್ದು ಎಂತ ಅಂತ ಇಲ್ಲಿಯವರಿಗೆ ಗೊತ್ತಾಗ್ಲಿಕ್ಕೇ ವರ್ಷಗಟ್ಟಲೆ ಹಿಡೀತು, ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ. ಅವರ ಮಿಸ್ಟೇರ್‌ನದ್ದು ಒಂದು ಸ್ಕ್ರೂ ಸಹ ನಮ್ಮ ಕೈಗೆ ಸಿಗುದಿಲ್ಲ. ನಾನು ಅಲ್ಲಿ ಹಳೇ ಬ್ರಿಟಿಷ್ ಡಬ್ಬಿ ಹಿಡ್ಕೊಂಡು ಬೆರಳಲ್ಲಿ ಟಕ್ ಟಕ್ ಅಂತ ತಟ್ಟುತ್ತಾ ನಿಂತಿದ್ದೆ, ಅದು 3050 ಅಂತ ಸುಳ್ಳು ಹೇಳ್ತಾ ಇತ್ತು, ನಾಚಿಕೆ ಆಯ್ತು ಸತ್ಯ ಹೇಳ್ಬೇಕಂದ್ರೆ.

ಒಂದು ಹೋಟೆಲಿಗೆ ಹೋಗಿ ಕಾಫಿ ಹೇಳಿ ಮೀಟರನ್ನ ಜಾಕೆಟ್ ಒಳಗೆ ಹೊಟ್ಟೆಗೆ ಒತ್ತಿ ಹಿಡ್ಕೊಂಡು ಕೂತೆ. ಕಾಲು ಗಂಟೆ ಆದ ಮೇಲೆ ತೆಗ್ದು ನೋಡಿದ್ರೆ 3400. ಅಲ್ಲಿಗೆ ದೋಷ ಸಿಕ್ಕಿತು. ಚಳಿಗೆ ಗಟ್ಟಿ, ಬಿಸಿಗೆ ಕರಗುದು, 24 ಡಿಗ್ರಿ ಆಸುಪಾಸು. ನಮ್ಮ ಮನೇಲಿ ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆಯ ಬಾಟ್ಲಿಯಲ್ಲಿ ಹೆಪ್ಪುಗಟ್ಟಿ ಕೂರುವ ಸಾಮಾನು ಎಂತದ್ದು? ತೆಂಗಿನೆಣ್ಣೆ. ಹಾಕಿದ್ದು ಯಾರು? ನಾನೇ. ಮೀಟರ್ ತಂದ ಹೊಸತರಲ್ಲಿ, ಏನೂ ಗೊತ್ತಿಲ್ಲದಾಗ, ಹಿಂದಿನ ನಳಿಗೆಯಿಂದ ಎರಡು ಹನಿ ಬಿಟ್ಟಿದ್ದೆ, ಹೊಲಿಗೆ ಮೆಶಿನಿಗೆ ಅಮ್ಮ ಬಿಡ್ತಿದ್ದ ಹಾಗೆ. ಮರ್ತೇ ಹೋಗಿತ್ತು.

ಪಾಠ ಇಷ್ಟೆ, ಟೆಸ್ಟನ್ನ ಸೆಕೆಯಲ್ಲಿ ಒಮ್ಮೆ, ಚಳಿಯಲ್ಲಿ ಒಮ್ಮೆ ಮಾಡಿ. ಫ್ರಿಜ್ಜಿಗೆ ಇಡ್ಬೇಡಿ, ಹೊರಗೆ ತೆಗೆಯುವಾಗ ನಮ್ಮ ತೇವಕ್ಕೆ ಒಳಗೆಲ್ಲ ಬೆವರ್ತದೆ. ಗಾಳಿ ಆಡದ ಹಾಗೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಕಟ್ಟಿ ಬೇಕಾದ್ರೆ ಎಸಿ ರೂಮಲ್ಲಿಡಿ.

ಬಿಚ್ಚಿ ತೊಳೆಯುದು

ಮಳೆಗಾಲದಲ್ಲಿ ಬಿಚ್ಚಲೇಬೇಡಿ, ಜೂನಲ್ಲಿ ಬಿಚ್ಚಿದ ಗ್ಲಾಸಿಗೆ ಆಗಸ್ಟಲ್ಲಿ ಬೂಸ್ಟು. ಜನವರಿಯ ಒಣ ದಿನ, ಫ್ಯಾನ್ ಆಫ್, ಬಿಳಿ ಮುಂಡು ಹಾಸಿ ಕೂತೆ. ಮುಳ್ಳು ತೆಗೆಯುವ ಮೊದ್ಲು ಫೋಟೋ, ಪ್ರತಿ ಸ್ಕ್ರೂಗೆ ಫೋಟೋ. ಸೆಕ್ಟರ್ ಗೇರಿನ ಪಿವೋಟ್ ಹತ್ರ ಕಂದು ಬಣ್ಣದ ಜಿಡ್ಡು, ಬೆಲ್ಲದ ಪಾಕ ಒಣಗಿದ ಹಾಗೆ, ಅದಕ್ಕೆ ಹಳೇ ಧೂಳು ಅಂಟಿ ನಡುವೆ ಎಂತದ್ದೋ ಸಣ್ಣ ಹುಳದ ಕಾಲು ಕೂಡ ಇತ್ತು. ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್ ತಗೊಂಡೆ, ಕೈ ತೊಳೆಯುವ ಸ್ಯಾನಿಟೈಸರ್ ಅಲ್ಲ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಉಂಟು. ವಾಚ್ ರಿಪೇರಿಯವ್ರು ಮರದ ಕಡ್ಡಿ ಚೂಪು ಮಾಡಿ ಪಿವೋಟ್ ತೂತಲ್ಲಿ ತಿರುಗಿಸ್ತಾರೆ, ನಾನು ಹಿಡಿಸೂಡಿ ಕಡ್ಡಿ ಕೆತ್ತಿದೆ, ಅದಕ್ಕಿಂತ ಒಳ್ಳೆ ಟೂಲ್ ನಾನು ನೋಡಿಲ್ಲ, ನಾರು ಬಿಡುದಿಲ್ಲ, ಹಿತ್ತಾಳೆಗೆ ಗೀರು ಬೀಳುದಿಲ್ಲ. ಅದ್ದು, ತಿರುಗಿಸು, ಬಿಳಿ ಬಟ್ಟೆಗೆ ಒರಸು, ಕಂದು ಬರುದು ನಿಲ್ಲುವವರೆಗೆ. ಒಂದೊಂದು ತೂತಿಗೆ ಹತ್ತು ಹನ್ನೆರಡು ಕಡ್ಡಿ ಬೇಕಾಯ್ತು. ಹೇರ್‌ಸ್ಪ್ರಿಂಗ್, ಕ್ಯಾಪ್ಸೂಲ್ ಎರಡಕ್ಕೂ ಕಡ್ಡಿ ತಾಗಿಸ್ಲಿಲ್ಲ. ಡಯಲಿಗೆ ಆಲ್ಕೋಹಾಲ್ ಸೋಕಿದ್ರೆ ಅಂಕೆ ಅಳಿಸಿ ಹೋಗ್ತದೆ, ಅದನ್ನ ಮೊದ್ಲೇ ತೆಗ್ದು ದೂರ ಇಟ್ಟಿದ್ದೆ.

ಆಮೇಲೆ ಎಣ್ಣೆ. ಸಿಂಥೆಟಿಕ್ ವಾಚ್ ಎಣ್ಣೆ, ಸೂಜಿ ತುದಿಯಲ್ಲಿ ನಿಲ್ಲುವಷ್ಟು, ಪಿವೋಟಿಗೆ ಮಾತ್ರ, ಗೇರಿನ ಹಲ್ಲಿಗೆ ಒಣ. ತುಕ್ಕು ಬಿಡಿಸುವ ಸ್ಪ್ರೇ ಬಗ್ಗೆ ಕೇಳ್ತಾರೆ ಕೆಲವ್ರು, ಅದು ಗೇಟಿನ ಬಿಜಾಗ್ರಿಗೆ.

ಇಷ್ಟೆಲ್ಲ ಒಂದು ಡಬ್ಬಿಗೆ ಯಾಕೆ ಅಂತ ಮನೆಯವ್ರೂ ಕೇಳಿದ್ದಾರೆ. ಎರಡನೇ ಮಹಾಯುದ್ಧ ಮುಗ್ದು ಹೋಗುವಾಗ ಬ್ರಿಟನ್ನಿನ ವಾಯುಸೇನೆ ಆರ್‌ಎಎಫ್‌ನವ್ರು ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳನ್ನ ಯಾರಿಗೂ ಉಪಯೋಗ ಆಗ್ಬಾರದು ಅಂತ ಹಾಳುಗೆಡವಿ ರಾಶಿ ಹಾಕಿದ್ರು. ಅದರಲ್ಲಿ 40ಕ್ಕಿಂತ ಹೆಚ್ಚನ್ನ ಎಚ್‌ಎಎಲ್‌ನವ್ರು ಅಲ್ಲೇ ಅಷ್ಟಿಷ್ಟು ಸರಿ ಮಾಡಿ, ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಶಿ ಬೆಂಗಳೂರಿಗೆ ಹಾರಿಸಿ ತಂದು, ಇಲ್ಲಿ ಪೂರ್ತಿ ರಿಪೇರಿ ಆಗಿ, 1948ರಿಂದ 68ರವರೆಗೆ ಭಾರತದ ವಾಯುಸೇನೆಯಲ್ಲಿ ಓಡಿದ್ವು. ಈಗ ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂಗೂ ಅಮೆರಿಕದ ಪಿಮಾ ಮ್ಯೂಸಿಯಂಗೂ ಲಿಬರೇಟರ್ ಸಿಕ್ಕಿದ್ದೇ ಆ ರಾಶಿಯಿಂದ. ಎಸೆದವ್ರೇ ವಾಪಸ್ ಕೇಳಿ ತಗೊಂಡು ಹೋದ್ರು ಅಂತ ಮನೆಯವ್ರಿಗೆ ಹೇಳಿದೆ, ಹಾಗಾದ್ರೆ ನಿಮ್ಮದನ್ನ ಯಾವಾಗ ಕೇಳ್ಲಿಕ್ಕೆ ಬರ್ತಾರೆ ಅಂದ್ರು.

ಕೂಡಿಸಿದ ಮೇಲೆ ನೀರಿನ ಪೈಪಲ್ಲಿ ಪುನಃ ಟೆಸ್ಟ್, ಈ ಸಲ ಬೆಳಿಗ್ಗೆ ಐದೂವರೆಗೆ, ಚಳಿ ಇರುವಾಗ. ತಟ್ಟುವ ಮೊದ್ಲು ತಟ್ಟಿದ ಮೇಲೆ 20 ಅಡಿ. ಫೆಬ್ರವರಿಯಲ್ಲಿ ಅದೇ ಬಸ್ಸಲ್ಲಿ ಅದೇ ಘಾಟಿ ಹತ್ತಿದೆ, ಮಂಗಳೂರಿನ ಒತ್ತಡ ಸೆಟ್ ಮಾಡಿ. ವೃತ್ತದ ಹತ್ರ ನಿಂತಾಗ 3640, ತಟ್ಟಿದ್ರೆ 3650, ಬಿಸಿ ಗಾಳಿಯ ಲೆಕ್ಕ ಸೇರಿಸಿದ್ರೆ ಸರಿಹೋಗ್ತದೆ. ಇಳಿದು ಮನೆಗೆ ಬಂದಾಗ ಹೊರಟದ್ದಕ್ಕಿಂತ 40 ಅಡಿ ಮೇಲೆ ನಿಂತಿತ್ತು, ರಾತ್ರಿ ಮಲಗುವ ಹೊತ್ತಿಗೆ 15ಕ್ಕೆ ಇಳೀತು. ಅದು ಕ್ಯಾಪ್ಸೂಲಿನ ಲೋಹ ಮೆಲ್ಲ ಹಳೇ ಆಕಾರಕ್ಕೆ ಬರುದು, ಹಿಸ್ಟರಿಸಿಸ್ ಅಂತಾರೆ. ಅದಕ್ಕೆ ಕೈ ಹಾಕ್ಲಿಲ್ಲ.